ಹಳೇ ಕಾರಿನ ಕರೆಂಟ್ ತೊಂದರೆಗೆ ವೈರಿಂಗ್ ಪೂರ್ತಿ ಬದಲಿಸಬೇಕಾ, ಸ್ಕ್ಯಾನರ್ ಕೊಳ್ಳಬೇಕಾ?

ಎರಡೂ ಬೇಡ. ಬ್ಯಾಟರಿ ಹಾಕಿಸಿ ಆರು ತಿಂಗಳಾಗಿದೆ, ಆದರೂ ಬೆಳಗ್ಗೆ ಒಂದು ದಿನ ಸೆಲ್ಫ್ ಹೊಡೆಯುತ್ತೆ, ಇನ್ನೊಂದು ದಿನ ಟಿಕ್ ಅಂದು ಸುಮ್ಮನಾಗುತ್ತೆ, ಹೆಡ್‌ಲೈಟ್ ಮಂಕು, ಮೆಕ್ಯಾನಿಕ್ "ವೈರಿಂಗೇ ಹೋಗಿದೆ" ಅಂದರು ಅಂತ ಬರೆದಿದ್ದೀರಿ. ನಿಮ್ಮದು 1998ರ ಮಾರುತಿ ಜೆನ್, ನನ್ನದು ಮಾವನವರಿಂದ ಬಂದ 1996ರ ಮಾರುತಿ 800. ಅಷ್ಟೇ ವ್ಯತ್ಯಾಸ.

ಮೊದಲು ಸ್ಕ್ಯಾನರ್ ವಿಷಯ, ಅಂದರೆ ಗಾಡಿಯ ಕಂಪ್ಯೂಟರಿನಿಂದ ದೋಷ ಓದುವ ಯಂತ್ರದ ವಿಷಯ ಮುಗಿಸಿಬಿಡುತ್ತೇನೆ. ನಿಮ್ಮದು ಕಾರ್ಬ್ಯುರೇಟರ್ ಗಾಡಿ. ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರೇ ಅದರಲ್ಲಿ ಇಲ್ಲ. ಸ್ಕ್ಯಾನರ್ ತಂದು ಎಲ್ಲಿಗೆ ಚುಚ್ಚುತ್ತೀರಿ? ಹೊಸ ಗಾಡಿಯಲ್ಲೂ ತುಕ್ಕು ಹಿಡಿದ ಬೋಲ್ಟನ್ನು ಸ್ಕ್ಯಾನರ್ ತೋರಿಸುವುದಿಲ್ಲ. ಆ ದುಡ್ಡನ್ನು ಇಟ್ಟುಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ವೋಲ್ಟ್, ಕರೆಂಟ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ತನ್ನಿ, ಸಾಕು.

ನನ್ನ ಕಥೆ ಶುರುವಾಗಿದ್ದು ಮಾಗಡಿ ರಸ್ತೆಯ ಒಂದು ಸಿಗ್ನಲ್‌ನಲ್ಲಿ. ಸಂಜೆ ಹೊತ್ತು, ಮಳೆ, ವೈಪರ್ ಓಡುತ್ತಿತ್ತು, ಹೆಡ್‌ಲೈಟ್ ಹಾಕಿದ್ದೆ. ಗಾಡಿ ಆಫ್ ಆಯಿತು. ಕೀ ತಿರುಗಿಸಿದರೆ ಟಿಕ್, ಟಿಕ್. ಹಿಂದೆ ಹಾರ್ನ್ ಮೇಲೆ ಹಾರ್ನ್. ಪಕ್ಕದ ಆಟೋದವರು ಇಳಿದು ಬಂದು ತಳ್ಳಿಕೊಟ್ಟರು. ಮರುದಿನ ಗ್ಯಾರೇಜಿನಲ್ಲಿ ಬ್ಯಾಟರಿ ಸತ್ತಿದೆ ಅಂದರು. ಹಳೇ ಬ್ಯಾಟರಿಯೇ, ಒಪ್ಪಿಕೊಂಡೆ. ಹೊಸದು ಹಾಕಿದ ಮೇಲೆ ಕೆಲವು ವಾರ ಚೆನ್ನಾಗಿಯೇ ಇತ್ತು. ಆಮೇಲೆ ಮತ್ತೆ ಅದೇ ಟಿಕ್. ಈ ಸಲ "ಡೈನಮೋ ಚಾರ್ಜ್ ಮಾಡ್ತಿಲ್ಲ ಸಾರ್" ಅಂದರು. ರೀಕಂಡೀಷನ್ ಮಾಡಿದ ಡೈನಮೋ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್) ಬಂತು. ಅದಾದ ಮೇಲೆ ಸೆಲ್ಫ್ ಮೋಟಾರ್ ಬಿಚ್ಚಿ ಬ್ರಷ್ ಹಾಕಿದರು. ಆಮೇಲೆ ಸೊಲೆನಾಯ್ಡ್, ಅಂದರೆ ಸೆಲ್ಫ್ ಮೋಟಾರ್‌ಗೆ ಕರೆಂಟ್ ಬಿಡುವ ಸ್ವಿಚ್. ಹೊಸ ಬ್ಯಾಟರಿ ಜೋರಾಗಿದ್ದಷ್ಟು ದಿನ ಎಲ್ಲವೂ ಸರಿ ಹೋದ ಹಾಗೆ ಕಾಣುತ್ತದೆ ನೋಡಿ, ಅದೇ ಮೋಸ.

ಮಧ್ಯದಲ್ಲಿ ಇನ್ನೊಂದು ನಡೆಯಿತು. ಕ್ಲಚ್ ಗಟ್ಟಿಯಾಯಿತು. ಕೇಬಲ್ ಬದಲಿಸಿದರು. ಹಳೇ ಕೇಬಲನ್ನು ನನ್ನ ಕೈಗೇ ಕೊಟ್ಟಿದ್ದರು. ಮೇಲಿನ ಪ್ಲಾಸ್ಟಿಕ್ ಒಂದು ಕಡೆ ಕರಗಿ, ಒಳಗಿನ ಸ್ಟೀಲ್ ಸುರುಳಿ ಕಾಣುತ್ತಿತ್ತು. "ಸೈಲೆನ್ಸರ್ ಬಿಸಿ ತಾಗಿರಬೇಕು" ಅಂದರು. ನಾನು ಹೂಂ ಅಂದೆ. ಈ ಕೇಬಲನ್ನು ನೆನಪಿಟ್ಟುಕೊಳ್ಳಿ.

ಅಷ್ಟರಲ್ಲಿ ನನಗೂ ಹಟ ಬಂದಿತ್ತು. ಮೀಟರ್ ತಂದೆ. ಬ್ಯಾಟರಿ 12.6 ವೋಲ್ಟ್, ಫುಲ್ ಚಾರ್ಜ್. ಅರ್ತ್ ತಂತಿ, ಅಂದರೆ ಕರೆಂಟ್ ಎಂಜಿನ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಬರುವ ದಪ್ಪ ತಂತಿಯ ಬಗ್ಗೆ ಎಲ್ಲೋ ಓದಿದ್ದೆ. ಹಾಗಾಗಿ ಮೀಟರನ್ನು ಬೀಪ್ ಬರುವ ಕಡೆ ತಿರುಗಿಸಿ, ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್‌ಗೆ ಇಟ್ಟೆ. ಬೀಪ್ ಬಂತು, ಜೋರಾಗಿ. ಅರ್ತ್ ಸರಿ ಇದೆ ಅಂತ ತಲೆಯಿಂದ ತೆಗೆದುಹಾಕಿದೆ. ನನಗೆ ದುಡ್ಡು ಹೋದದ್ದು ಈ ಬೀಪ್‌ನಿಂದ. ಸೊಲೆನಾಯ್ಡ್‌ಗೆ ದುಡ್ಡು ಕೊಟ್ಟಿದ್ದು ಈ ಬೀಪ್ ಕೇಳಿದ ಮೇಲೆಯೇ. ಆದ್ದರಿಂದ ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಬೀಪ್ ಪರೀಕ್ಷೆ ಮಾಡುವಾಗ ಮೀಟರ್ ತಂತಿಯೊಳಗೆ ಕಳಿಸುವ ಕರೆಂಟ್ ಸುಮಾರು ಒಂದು ಮಿಲಿ ಆಂಪಿಯರ್, ಎಷ್ಟೋ ಮೀಟರ್‌ಗಳಲ್ಲಿ ಅದಕ್ಕಿಂತಲೂ ಕಡಿಮೆ. ಸೆಲ್ಫ್ ಮೋಟಾರ್ ಎಂಜಿನ್ ತಿರುಗಿಸುವಾಗ ಅದೇ ತಂತಿಯಲ್ಲಿ ಹರಿಯಬೇಕಾದ್ದು ನೂರು ಆಂಪಿಯರ್ ಆಸುಪಾಸು. ಅಂದರೆ ಲಕ್ಷ ಪಟ್ಟು. ಬೆರಳು ದಪ್ಪದ ತಂತಿಯಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಕಾವೇರಿ ನಲ್ಲಿಯಲ್ಲಿ ತೊಟ್ಟಿಕ್ಕಿದರೆ ನೀರು ಬರ್ತಿದೆ ಅನ್ನಬಹುದು, ಸಂಪು ತುಂಬುತ್ತಾ? ಹಾಗೇ ಇದು. ಸುಮಾರು ಮೀಟರ್‌ಗಳು ಕರೆಂಟಿಗೆ ಇರುವ ತಡೆ ಮೂವತ್ತು ಓಮ್‌ಗಿಂತ ಕಡಿಮೆ ಎಷ್ಟಿದ್ದರೂ ಬೀಪ್ ಕೊಡುತ್ತವೆ. ಸೆಲ್ಫ್‌ನ ದಾರಿಯಲ್ಲಿ ಓಮ್‌ನ ನೂರರಲ್ಲಿ ಐದು ಪಾಲು, ಅಂದರೆ 0.05 ಓಮ್ ಇದ್ದರೂ ಕೆಲಸ ಕೆಟ್ಟ ಹಾಗೆ. ಲೆಕ್ಕ ಹಾಕಿ: 100 ಆಂಪಿಯರ್ ಗುಣಿಸು 0.05 ಅಂದರೆ 5 ವೋಲ್ಟ್. ಹನ್ನೆರಡು ವೋಲ್ಟ್‌ನಲ್ಲಿ ಐದು ದಾರಿಯಲ್ಲೇ ಶಾಖವಾಗಿ ಹೋಯಿತು. ನಿಜದಲ್ಲಿ ತಡೆ ಜಾಸ್ತಿಯಾದಾಗ ಕರೆಂಟೂ ಇಳಿಯುತ್ತೆ, ಹಾಗಾಗಿ ಲೆಕ್ಕ ಇಷ್ಟು ನೇರ ಇರುವುದಿಲ್ಲ. ಆದರೆ ಮೋಟಾರ್ ತಿರುಗುವುದಿಲ್ಲ ಅನ್ನುವುದಂತೂ ನಿಜ.

ಓಮ್ ಕಡೆಗೆ ತಿರುಗಿಸಿ ಅಳೆದರೆ ಆಯ್ತಲ್ಲ ಅನ್ನಬೇಡಿ. ಅಗ್ಗದ ಮೀಟರ್‌ನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದರೇ 0.2, 0.3 ತೋರಿಸುತ್ತದೆ. ಅದರಲ್ಲಿ 0.05 ಎಲ್ಲಿ ಕಾಣಬೇಕು? ಬ್ಯಾಟರಿಯ 12.6 ಕೂಡ ಹಾಗೇ. ಏನೂ ಭಾರ ಇಲ್ಲದೆ ಸುಮ್ನೆ ಕೂತಿರುವಾಗ ಅಳೆದ ವೋಲ್ಟ್ ಅದು. ಕೆಲಸ ಮಾಡುವಾಗ ಅಳೆಯಬೇಕಿತ್ತು. ಅದು ಗೊತ್ತಾಗುವಷ್ಟರಲ್ಲಿ ನಾನು ಆರೋಗ್ಯವಾಗಿದ್ದ ಸಾಮಾನನ್ನೆಲ್ಲ ಬದಲಿಸಿ ಆಗಿತ್ತು.

ಕೊನೆಗೆ ಕಲಾಸಿಪಾಳ್ಯದ ಕಡೆ ಒಬ್ಬರು ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಬಾನೆಟ್ ತೆಗೆಯುವ ಮೊದಲೇ ಕೇಳಿದರು:

"ಕ್ಲಚ್ ಕೇಬಲ್ ಏನಾದ್ರೂ ಬದಲಾಯ್ಸಿದ್ರಾ?"

"ಹೌದು. ನಿಮಗೆ ಹೇಗೆ ಗೊತ್ತಾಯ್ತು ಭಾಯ್?"

ಉತ್ತರ ಕೊಡಲಿಲ್ಲ. ಒಂದು ಜಂಪರ್ ಕೇಬಲ್ ತಗೊಂಡು, ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ತುದಿ ಎಂಜಿನ್‌ನ ಒಂದು ಬೋಲ್ಟ್‌ಗೆ ಕಚ್ಚಿಸಿದರು. "ಹೊಡೀರಿ ಸೆಲ್ಫ್" ಅಂದರು. ಮಾವನವರು ಶೋರೂಮಿಂದ ತಂದ ದಿನ ಹೇಗೆ ತಿರುಗಿತ್ತೋ ಹಾಗೆ ತಿರುಗಿತು.

ಆಮೇಲೆ ಬ್ಯಾಟರಿಯಿಂದ ಗೇರ್‌ಬಾಕ್ಸ್‌ಗೆ ಹೋಗುವ ಅರ್ತ್ ತಂತಿ ಬಿಚ್ಚಿದರು. ಹೊರಗಡೆ ಕಪ್ಪು ರಬ್ಬರು ಚೆನ್ನಾಗಿಯೇ ಇತ್ತು. ಲಗ್ (ತಂತಿ ತುದಿಯ ಲೋಹದ ಬಳೆ) ಹತ್ತಿರ ಹಿಡಿದು ಬಗ್ಗಿಸಿದಾಗ ಮಾತ್ರ ಒಳಗೆ ಚರಚರ ಅಂತ ಮರಳಿನ ಸದ್ದು. ಬ್ಲೇಡಿನಿಂದ ಸೀಳಿದರು. ತಾಮ್ರ ಇರಬೇಕಾದ ಕಡೆ ಹಸಿರು ಪುಡಿ. ಕಿಲುಬು ಹಿಡಿದ ಎಳೆಗಳು ಉದುರಿ ಅವರ ಅಂಗೈಗೆ ಬಿದ್ದವು. ಗಟ್ಟಿಯಾಗಿ ಉಳಿದದ್ದು ನಾಲ್ಕಾರು ಎಳೆ. ನನ್ನ ಮೀಟರ್ ಬೀಪ್ ಅಂದದ್ದು ಆ ನಾಲ್ಕಾರು ಎಳೆಗಳನ್ನು ನಂಬಿಕೊಂಡು.

ಕ್ಲಚ್ ಕೇಬಲ್ ಯಾಕೆ ಕರಗಿತ್ತು? ಎಂಜಿನ್ ಮತ್ತು ಗೇರ್‌ಬಾಕ್ಸ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತವೆ, ಬಾಡಿಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿರುವುದಿಲ್ಲ. ಅರ್ತ್ ತಂತಿ ಕೈಕೊಟ್ಟಾಗ ಸೆಲ್ಫ್‌ನ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗಲು ಬೇರೆ ದಾರಿ ಹುಡುಕುತ್ತದೆ. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಎರಡೂ ಎಂಜಿನ್ ಕಡೆಯಿಂದ ಬಾಡಿಗೆ ಹೋಗುವ ಉಕ್ಕಿನ ತಂತಿಗಳೇ ಅಲ್ವಾ. ಅವುಗಳ ಮೂಲಕ ಬಾಡಿಗೆ ಬಂದು, ಅಲ್ಲಿಂದ ಬ್ಯಾಟರಿಗೆ. ಕರೆಂಟ್ ಹೊರುವುದಕ್ಕೆ ಮಾಡಿದ ತಂತಿ ಅಲ್ಲ, ಹಾಗಾಗಿ ಹೀಟರ್ ಕಾಯಿಲ್ ಥರ ಕಾಯುತ್ತದೆ. ನಿಮ್ಮ ಜೆನ್‌ನಲ್ಲೂ ಈ ಎರಡು ಕೇಬಲ್ ಗಟ್ಟಿಯಾಗಿದ್ದರೆ, ಸೆಲ್ಫ್ ಹೊಡೆದ ಕೂಡಲೇ ಮುಟ್ಟಿ ನೋಡಿದಾಗ ಬೆಚ್ಚಗಿದ್ದರೆ, ಇನ್ನೇನೂ ಹುಡುಕಬೇಡಿ. ಹುಷಾರಾಗಿ ಮುಟ್ಟಿ, ಕೆಲವೊಮ್ಮೆ ಹೊಗೆಯೇ ಬರುತ್ತೆ.

ಈಗ ನೀವು ಮಾಡಬೇಕಾದ್ದು. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಇಗ್ನಿಷನ್ ಕಾಯಿಲ್‌ಗೆ ಬರುವ ಸಣ್ಣ ತಂತಿ ತೆಗೆದಿಡಿ, ಎಂಜಿನ್ ಸ್ಟಾರ್ಟ್ ಆಗಬಾರದು, ಸುಮ್ನೆ ತಿರುಗಬೇಕು. ಮೀಟರ್ ಡಿಸಿ ವೋಲ್ಟ್‌ಗೆ ಇಡಿ. ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ನ ಸೀಸದ ಕಂಬದ ಮೇಲೇ ಇಡಿ, ಕ್ಲ್ಯಾಂಪ್ ಮೇಲೆ ಅಲ್ಲ. ಇನ್ನೊಂದನ್ನು ಎಂಜಿನ್‌ನ ಒಂದು ಶುಭ್ರ ಬೋಲ್ಟ್ ಮೇಲೆ. ಮನೆಯವರನ್ನು ಕರೆದು ಎರಡು ಮೂರು ಸೆಕೆಂಡ್ ಸೆಲ್ಫ್ ಹೊಡೆಸಿ. ಮೀಟರ್ 0.2 ವೋಲ್ಟ್ ಒಳಗೆ ತೋರಿಸಿದರೆ ಅರ್ತ್ ನಿಜವಾಗಿಯೂ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಅಲ್ಲೇ ಇದ್ದಾನೆ. ನನ್ನದನ್ನು ಹೀಗೆ ಅಳೆದಾಗ ನಾಲ್ಕು ವೋಲ್ಟ್ ದಾಟಿತ್ತು. ಇದೇ ರೀತಿ ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟಾರ್‌ನ ದಪ್ಪ ಬೋಲ್ಟ್‌ವರೆಗೂ ನೋಡಿ, ಅಲ್ಲಿ ಅರ್ಧ ವೋಲ್ಟ್‌ವರೆಗೆ ನಡೆಯುತ್ತದೆ. ಎಷ್ಟೋ ಸಲ ತಂತಿಯಲ್ಲೂ ದೋಷ ಇರುವುದಿಲ್ಲ, ಕಂಬಕ್ಕೂ ಕ್ಲ್ಯಾಂಪ್‌ಗೂ ಮಧ್ಯೆ ಇರುವ ಬಿಳಿ ಪುಡಿಯೇ ಕಾರಣ. ಹತ್ತನೇ ನಂಬರ್ ಸ್ಪ್ಯಾನರ್, ಒಂದು ತುಂಡು ಎಮರಿ ಪೇಪರ್, ಮೇಲೆ ಸ್ವಲ್ಪ ವ್ಯಾಸಲೀನ್. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.

ಬ್ಯಾಟರಿ ಮತ್ತೆ ಮತ್ತೆ ಇಳಿಯುತ್ತಿರುವುದೂ ಇದರಿಂದಲೇ ಇರಬಹುದು. ಡೈನಮೋದ ಅರ್ತ್ ಕೂಡ ಎಂಜಿನ್ ಮೂಲಕವೇ ಬರುತ್ತದೆ. ದಾರಿ ಕೆಟ್ಟರೆ ಅದು ಕೊಟ್ಟದ್ದು ಬ್ಯಾಟರಿಗೆ ಪೂರ್ತಿ ತಲುಪುವುದಿಲ್ಲ. ಎಂಜಿನ್ ಓಡುವಾಗ ಹೆಡ್‌ಲೈಟ್, ಬ್ಲೋವರ್ ಹಾಕಿ ಬ್ಯಾಟರಿ ಮೇಲೆ ಅಳೆಯಿರಿ. 13.5ರಿಂದ 14.5ರ ಮಧ್ಯೆ ಇದ್ದರೆ ಡೈನಮೋ ಮುಟ್ಟಬೇಡಿ. ಒಂದು ಮಾತು: ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು "ಡೈನಮೋ ಟೆಸ್ಟ್" ಮಾಡುವವರು ಇನ್ನೂ ಇದ್ದಾರೆ. ಅವರ ಕೈಗೆ ಗಾಡಿ ಕೊಡಬೇಡಿ. ಆ ಕ್ಷಣದಲ್ಲಿ ವೋಲ್ಟೇಜ್ ಮೇಲಕ್ಕೆ ಜಿಗಿದು ಚೆನ್ನಾಗಿರುವ ಡೈನಮೋದ ಡಯೋಡ್ ಸುಟ್ಟುಹೋಗಬಹುದು.

ಹೆಡ್‌ಲೈಟ್ ಮಂಕಾಗಿರುವುದಕ್ಕೆ ಜಾಸ್ತಿ ವ್ಯಾಟ್‌ನ ಬಲ್ಬ್ ಹಾಕಿಸಬೇಡಿ. ಜೆ.ಸಿ. ರಸ್ತೆಯಲ್ಲಿ ಕೇಳಿದ ತಕ್ಷಣ 100/90 ಕೊಡುತ್ತಾರೆ. ರಿಲೇ (ದೊಡ್ಡ ಕರೆಂಟನ್ನು ತಾನು ಹೊರುವ ಬೇರೆ ಸ್ವಿಚ್) ಇಲ್ಲದೆ ಹಾಕಿದರೆ ಅಷ್ಟೂ ಕರೆಂಟ್ ಸ್ಟಿಯರಿಂಗ್ ಕೆಳಗಿನ ಹಳೇ ಸ್ವಿಚ್ ಮೂಲಕ ಹೋಗಿ ಅದನ್ನು ಕರಗಿಸುತ್ತದೆ. ಲೈಟ್ ಡೂಮ್‌ನ ಅರ್ತ್ ತಂತಿ ಬಾಡಿಗೆ ಸೇರುವ ಸ್ಕ್ರೂ ಹುಡುಕಿ, ಬಣ್ಣ ತುಕ್ಕು ಕೆರೆದು ಬಿಗಿ ಮಾಡಿ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಜೊತೆಗೆ ಮಿಣುಕಿದರೆ ಹಿಂದಿನ ಡೂಮ್‌ನದೂ ಅದೇ ಕಾಯಿಲೆ. ಹದಿನೈದು ವರ್ಷ ದಾಟಿದ ಗಾಡಿಗೆ ಆರ್‌ಸಿ ನವೀಕರಿಸಲು ಎಫ್‌ಸಿಗೆ (ಫಿಟ್‌ನೆಸ್ ಪರೀಕ್ಷೆಗೆ) ಹೋದಾಗ ಲೈಟ್ ನೋಡುತ್ತಾರೆ, ಆ ಕೆಲಸವೂ ಆದ ಹಾಗಾಯಿತು.

ಹಾಗಾದರೆ ವೈರಿಂಗ್ ಬದಲಿಸುವುದು ಯಾವಾಗ? ಬೇಸ್‌ಮೆಂಟಿನಲ್ಲಿ ನಿಂತ ಗಾಡಿಗೆ ಇಲಿ ನುಗ್ಗಿ ಕಟ್ಟುಗಟ್ಟಲೆ ಕಡಿದಿದ್ದರೆ, ತಂತಿಯ ಪ್ಲಾಸ್ಟಿಕ್ ಒಂದಕ್ಕೊಂದು ಕರಗಿ ಅಂಟಿದ್ದರೆ. ಉಳಿದಂತೆ ಆ ಮಾತು ಹೇಳುವವರಿಗೆ ಅಳೆಯುವ ತಾಳ್ಮೆ ಇಲ್ಲ ಅಂತಲೇ ಅರ್ಥ ಮಾಡಿಕೊಳ್ಳಿ. ಪೂರ್ತಿ ವೈರಿಂಗ್ ಕಿತ್ತು ಹಾಕಿದ ಹಳೇ ಗಾಡಿಗಳಲ್ಲಿ ಹೊಸ ತೊಂದರೆ ಹುಟ್ಟಿಕೊಂಡಿದ್ದನ್ನೇ ನಾನು ಜಾಸ್ತಿ ನೋಡಿದ್ದೇನೆ. ಮೆಕ್ಯಾನಿಕ್ ಒಳ್ಳೆಯವರೇ ಇರಬಹುದು, ಎಂಜಿನ್ ಕೆಲಸ ಅವರ ಹತ್ತಿರವೇ ಮಾಡಿಸಿ. ಕರೆಂಟ್ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಬೇರೆ.

ಅರ್ತ್ ಸರಿ ಮಾಡಿದ ಮೇಲೂ ರಾತ್ರಿ ಕಳೆಯುವಷ್ಟರಲ್ಲಿ ಬ್ಯಾಟರಿ ಇಳಿದರೆ ಮಾತ್ರ ಎಲ್ಲೋ ಕರೆಂಟ್ ಸೋರುತ್ತಿದೆ. ಗಾಡಿ ಆಫ್ ಮಾಡಿ, ಬಾಗಿಲೆಲ್ಲ ಮುಚ್ಚಿ, ನೆಗೆಟಿವ್ ಕ್ಲ್ಯಾಂಪ್ ತೆಗೆದು, ಕಂಬಕ್ಕೂ ಕ್ಲ್ಯಾಂಪ್‌ಗೂ ಮಧ್ಯೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿ ಜೋಡಿಸಿ. 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆ ಇಲ್ಲ. 300, 400 ತೋರಿಸಿದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ, ಯಾವುದನ್ನು ಕಿತ್ತಾಗ ಇಳಿಯುತ್ತೋ ಆ ಸರ್ಕ್ಯೂಟ್ ಹಿಡಿಯಿರಿ. 5 ವ್ಯಾಟ್‌ನ ಡಿಕ್ಕಿ ಬಲ್ಬ್ ಒಂದು ಉರಿಯುತ್ತಿದ್ದರೂ 400 ಮಿಲಿ ಆಂಪಿಯರ್ ಆಗುತ್ತೆ. 35 ಆಂಪಿಯರ್ ಅವರ್ ಬ್ಯಾಟರಿಯಾದರೆ, ವಾರಾಂತ್ಯ ಊರಿಗೆ ಹೋಗಿ ಬರುವಷ್ಟರಲ್ಲಿ ಸೆಲ್ಫ್ ಹೊಡೆಯುವುದಿಲ್ಲ. ನನ್ನ ಅನುಮಾನ ಮೊದಲು ಮ್ಯೂಸಿಕ್ ಸಿಸ್ಟಮ್ ಮೇಲೆ, ಆಮೇಲೆ ಬಾಗಿಲ ಲೈಟಿನ ಸ್ವಿಚ್ ಮೇಲೆ. ಯಾವ ಫ್ಯೂಸ್ ಕಿತ್ತರೂ ಇಳಿಯದಿದ್ದರೆ ಡೈನಮೋದ ದಪ್ಪ ತಂತಿ ಬಿಚ್ಚಿ ನೋಡಿ, ಡಯೋಡ್ ಸೋರುತ್ತಿರಬಹುದು. ಆ ತಂತಿಯಲ್ಲಿ ಸದಾ ಬ್ಯಾಟರಿಯ ಪಾಸಿಟಿವ್ ಇರುತ್ತೆ, ಹಾಗಾಗಿ ಬಿಚ್ಚುವ ಮೊದಲು ಮೀಟರ್ ತೆಗೆದು ನೆಗೆಟಿವ್ ಪೂರ್ತಿ ಬಿಡಿಸಿ, ತುದಿಗೆ ಟೇಪ್ ಸುತ್ತಿ, ಆಮೇಲೆ ಮೀಟರ್ ಮತ್ತೆ ಜೋಡಿಸಿ.

ಮೀಟರ್ ಹೀಗೆ ಜೋಡಿಸಿರುವಾಗ ಯಾರೂ ಕೀ ತಿರುಗಿಸದ ಹಾಗೆ ಕೀ ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಸೆಲ್ಫ್ ಹೊಡೆದರೆ ಮೀಟರ್ ಒಳಗಿನ ಫ್ಯೂಸ್ ಹಾರುತ್ತೆ, ಅಗ್ಗದ ಮೀಟರ್‌ನಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ.