ಪರದೆ ಬದಲಿಸುವ ಮೊದಲು ಕವರ್ ಕಳಚಿ ನೋಡಿ

ದಯವಿಟ್ಟು ಆ ಟ್ಯಾಬನ್ನು ಪರದೆ ಬದಲಿಸಲು ಕೊಡಬೇಡಿ, ಇವತ್ತಂತೂ ಬೇಡ. ಬಲ ಅಂಚಿನಿಂದ ಎರಡು ಬೆರಳು ಒಳಗೆ ಪೆನ್ನಿನ ಗೆರೆ ವಾಲುತ್ತದೆ, ನಡುವೆ ಕಡಿದುಹೋಗುತ್ತದೆ, ನಿಬ್ ಬದಲಿಸಿದರೂ ಫ್ಯಾಕ್ಟರಿ ರೀಸೆಟ್ ಮಾಡಿದರೂ ಸರಿಹೋಗಲಿಲ್ಲ ಎಂದು ಬರೆದಿದ್ದೀರಿ. ಬ್ಯಾಟರಿ ಇಲ್ಲದೆಯೇ ಒತ್ತಡ ಗುರುತಿಸುವ ಪೆನ್ ಎಂದೂ ಹೇಳಿದ್ದೀರಿ, ಅಂದರೆ ಇಎಂಆರ್, ವಿದ್ಯುತ್ಕಾಂತೀಯ ಅನುರಣನದಿಂದ ನಡೆಯುವ ಪೆನ್. ನೀವು ಹಾಕಿರುವ ಚಿತ್ರದಲ್ಲಿ ಕವರ್‌ನ ಮುಚ್ಚಳ ಹಿಂದಕ್ಕೆ ಮಡಚಿದೆ. ಮುಚ್ಚಳದ ಅಂಚಿನಲ್ಲಿರುವ ಅಯಸ್ಕಾಂತಗಳು ಈಗ ಡಿಜಿಟೈಸರ್‌ನ, ಅಂದರೆ ಪೆನ್ ಎಲ್ಲಿದೆ ಎಂದು ಗುರುತಿಸುವ ಪರದೆಯ ಹಿಂದಿನ ಹಲಗೆಯ, ಬೆನ್ನಿಗೇ ಅಂಟಿಕೊಂಡಿವೆ.

ನಾನು ಇದೇ ಹಳ್ಳಕ್ಕೆ ಬಿದ್ದವನು. ಮೊದಲು ನಿಬ್ ಮೇಲೆ ಅನುಮಾನ, ಆಮೇಲೆ ಪೆನ್ ಮೇಲೆ, ಆಮೇಲೆ ಚಿತ್ರ ಬಿಡಿಸುವ ಆ್ಯಪ್ ಮೇಲೆ. ಕೊನೆಗೆ ರಿಪೇರಿಯವರು ಡಿಜಿಟೈಸರ್ ಹೋಗಿದೆ ಎಂದು ಹೇಳಿ ಪರದೆಯನ್ನೇ ಬದಲಿಸಿದರು. ಅಲ್ಲಿ ಕವರ್ ಇಲ್ಲದೆ ಪರೀಕ್ಷಿಸಿದಾಗ ಗೆರೆ ನೆಟ್ಟಗಿತ್ತು. ಮನೆಗೆ ಬಂದು ಕವರ್ ಹಾಕಿದೆ, ಅದೇ ಜಾಗದಲ್ಲಿ ಅದೇ ವಾಲು. ಆಗಲೂ ನನಗೆ ಹೊಳೆಯಲಿಲ್ಲ, ಹೊಸ ಪರದೆಯೂ ಕೆಟ್ಟದ್ದು ಎಂದೇ ಅಂದುಕೊಂಡೆ. ಒಂದು ದಿನ ಒರೆಸಲೆಂದು ಕವರ್ ತೆಗೆದವನು ಹಾಗೆಯೇ ಮೇಜಿನ ಮೇಲಿಟ್ಟು ಬರೆಯಲು ಕುಳಿತಾಗಲೇ ಗೊತ್ತಾದದ್ದು. ಕೊಟ್ಟ ಹಣಕ್ಕಿಂತ, ಕೈಗೆ ನಂಬಿಕೆ ಹೋಗಿ ಚಿತ್ರ ಬಿಡಿಸುವುದನ್ನೇ ಬಿಟ್ಟಿದ್ದ ಆ ವಾರಗಳು ಇನ್ನೂ ನೋಯಿಸುತ್ತವೆ.

ಕಾರಣ ಸರಳ. ಪರದೆಯ ಹಿಂದಿನ ಹಲಗೆ ಅಲೆ ಕಳಿಸುತ್ತದೆ, ಪೆನ್ನಿನೊಳಗಿನ ಸುರುಳಿ ಅದಕ್ಕೆ ಅನುರಣಿಸಿ ಉತ್ತರ ಕೊಡುತ್ತದೆ. ಬಲವಾದ ಅಯಸ್ಕಾಂತ ಹತ್ತಿರವಿದ್ದರೆ ಆ ಉತ್ತರವೇ ತಿರುಚಿಕೊಳ್ಳುತ್ತದೆ. ಬೆರಳಿನ ಸ್ಪರ್ಶಕ್ಕೆ ಏನೂ ಆಗುವುದಿಲ್ಲ. ಅದಕ್ಕೇ ನಮ್ಮ ಅನುಮಾನ ಪೆನ್ನಿನ ಕಡೆಗೆ ಹೋಗುವುದು.

ಪರೀಕ್ಷೆ ಹೀಗೆ ಮಾಡಿ. ಆ್ಯಪ್‌ನಲ್ಲಿ ಗೆರೆಯನ್ನು ತಾನೇ ನೇರ ಮಾಡುವ ಸ್ಟೆಬಿಲೈಸರ್ ಸೊನ್ನೆಗೆ ಇಳಿಸಿ, ತೆಳುವಾದ ಬ್ರಷ್ ಆರಿಸಿ. ಪ್ಲಾಸ್ಟಿಕ್ ಅಥವಾ ಮರದ ಅಳತೆಪಟ್ಟಿ ಇಟ್ಟು ಮೂಲೆಯಿಂದ ಮೂಲೆಗೆ ಓರೆಗೆರೆ ಎಳೆಯಿರಿ. ನಿಧಾನವಾಗಿ, ಒಂದು ಗೆರೆಗೆ ಹತ್ತು ಸೆಕೆಂಡಾದರೂ ಹಿಡಿಯಬೇಕು. ಬೇಗ ಎಳೆದರೆ ದೋಷ ಮುಚ್ಚಿಹೋಗುತ್ತದೆ. ಬರೆದು ನೋಡಿದರೆ ಸಾಲದು, ನಮ್ಮ ಅಕ್ಷರಗಳೇ ದುಂಡಗಿರುವುದರಿಂದ ವಾಲು ಅದರೊಳಗೆ ಕರಗಿಬಿಡುತ್ತದೆ. ಬೆರಳಗಲ ಅಂತರದಲ್ಲಿ ಇಡೀ ಪರದೆ ತುಂಬಿಸಿ. ಒಂದು ಪುಟ ಕವರ್ ಸಮೇತ, ಇನ್ನೊಂದು ಕವರ್ ಕಳಚಿ. ಎರಡನೆಯ ಸಲ ಟ್ಯಾಬ್ ಮರದ ಮೇಜಿನ ಮೇಲಿರಲಿ, ಲ್ಯಾಪ್‌ಟಾಪ್ ಮೇಲಿಟ್ಟು ನೋಡಬೇಡಿ, ಅದರಲ್ಲೂ ಅಯಸ್ಕಾಂತಗಳಿರುತ್ತವೆ. ಮೂರನೆಯದಾಗಿ, ಬರಿಯ ಮುಚ್ಚಳವನ್ನು ಟ್ಯಾಬ್‌ನ ಕೆಳಗೆ ಸ್ವಲ್ಪ ಸರಿಸಿ ಮತ್ತೆ ಎಳೆಯಿರಿ. ಅದರ ಜೊತೆ ವಾಲೂ ಸರಿದರೆ ಇನ್ನು ಅನುಮಾನವೇ ಬೇಡ.

ಅಂಚಿನ ಕೊನೆಯ ಕೆಲವು ಮಿಲಿಮೀಟರ್‌ಗಳಲ್ಲಿ ಅಲ್ಪ ವಾಲು ಇಎಂಆರ್‌ಗೆ ಸಹಜ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕವರ್ ಇಲ್ಲದೆಯೂ ಅದೇ ಜಾಗದಲ್ಲಿ ಕಡಿದುಹೋದರೆ ಆಗ ಡಿಜಿಟೈಸರ್ ನೋಡಿಸಿ. ಇದನ್ನು ಓದುತ್ತಿರುವ ಐಪ್ಯಾಡ್, ಸರ್ಫೇಸ್ ಬಳಕೆದಾರರಿಗೆ ಇದು ಅನ್ವಯಿಸುವುದಿಲ್ಲ, ಅಲ್ಲಿನ ಪೆನ್‌ಗಳ ತಂತ್ರವೇ ಬೇರೆ. ಅಂಥವುಗಳಲ್ಲಿ ನಿಧಾನದ ಓರೆಗೆರೆ ಪರದೆಯುದ್ದಕ್ಕೂ ಒಂದೇ ಸಮನೆ ಅಲೆಯಲೆಯಾಗಿ ಬಂದರೆ ಅದು ಪರದೆಯೊಳಗಿನ ಸಂವೇದಕ ಜಾಲರಿಯ ಸಹಜ ಗುಣ. ಚಾರ್ಜ್ ಆಗುವಾಗ ಮಾತ್ರ ನಡುಗಿದರೆ ಚಾರ್ಜರ್ ಬದಲಿಸಿ.

ಮೇಲಿನ ಕಾಮೆಂಟಿನಲ್ಲಿ ಒಬ್ಬರು ಎಲ್ಲ ಟ್ಯಾಬ್‌ಗಳಿಗೂ ಹೊಂದುವ ಪೆನ್ ಕೊಳ್ಳಿ ಎಂದಿದ್ದಾರೆ. ಕೊಳ್ಳಬೇಡಿ. ಎಲ್ಲದಕ್ಕೂ ಹೊಂದುವುದೆಂದರೆ ಅದು ಬೆರಳಿನ ಬದಲಿ ಅಷ್ಟೇ, ಒತ್ತಡ ಗುರುತಿಸುವುದಿಲ್ಲ. ಪೆನ್ ಮತ್ತು ಪರದೆ ಜೋಡಿ ಎಂದು ಈ ಗುಂಪಿನಲ್ಲಿ ಎಷ್ಟು ಸಲ ಬರೆಯಬೇಕು? ಹೆಸರು ನೋಡಿ ಕೊಂಡರೂ ಮೋಸವೇ: 2023ರ ಯುಎಸ್‌ಬಿ-ಸಿ ಆ್ಯಪಲ್ ಪೆನ್ಸಿಲ್‌ನಲ್ಲೂ ಒತ್ತಡದ ಸೌಲಭ್ಯವಿಲ್ಲ. ಡಬ್ಬಿಯ ಮೇಲಿನ 4096 ಒತ್ತಡದ ಹಂತಗಳನ್ನು ನೋಡಿಯೂ ಮರುಳಾಗಬೇಡಿ. ತೀರಾ ಹಗುರವಾಗಿ ಮುಟ್ಟಿದಾಗ ಗೆರೆ ಮೂಡುತ್ತದೆಯೇ ಎಂಬುದೇ ನನಗೆ ಮುಖ್ಯ. ಸ್ಯಾಮ್‌ಸಂಗ್‌ನ ಇಎಂಆರ್ ಪೆನ್ ಆದ ಎಸ್ ಪೆನ್ ಕೈಗೆ ಸಣ್ಣದೆನಿಸಿದರೆ ಪೆನ್ಸಿಲ್ ಆಕಾರದ ಸ್ಟೇಡ್‌ಲರ್ ನೋರಿಸ್ ಡಿಜಿಟಲ್ ನೋಡಿ, ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಹಿಡಿತ ಬೇರೆ ಇಲ್ಲ. ವ್ಯಾಕಮ್‌ನ ಮೇಜಿನ ಟ್ಯಾಬ್ಲೆಟ್‌ಗಳ ಪ್ರೊ ಪೆನ್ ಕೂಡ ಇಎಂಆರ್ ಆದರೂ ಎಸ್ ಪೆನ್‌ನ ಪರದೆಗಳಲ್ಲಿ ನಡೆಯುವುದಿಲ್ಲ. ಮಡಚುವ ಫೋನ್‌ಗಳ ಒಳಪರದೆಗೆ ಮಾಮೂಲಿ ಎಸ್ ಪೆನ್ ತಾಗಿಸಲೇಬೇಡಿ, ಅದು ಮೃದು ಪರದೆ, ಗೀಚಿಹೋಗುತ್ತದೆ.

ನಿಮ್ಮದು ಮ್ಯಾಟ್ ಸ್ಕ್ರೀನ್ ಗಾರ್ಡ್ ಎಂದು ಚಿತ್ರದಲ್ಲಿ ಹೊಳಪಿಲ್ಲದ್ದರಿಂದಲೇ ತಿಳಿಯಿತು. ಕಾಗದದ ಅನುಭವ ಕೊಡುತ್ತದೆ ನಿಜ, ಆದರೆ ನಿಬ್ಬನ್ನು ತಿನ್ನುತ್ತದೆ. ವಾರಕ್ಕೊಮ್ಮೆ ನಿಬ್ಬನ್ನು ಉಗುರಿನ ಮೇಲೆ ಎಳೆದು ನೋಡಿ, ಕೆರೆದಂತಾದರೆ ಅಂದೇ ಬದಲಿಸಿ. ಸವೆದು ಓರೆಯಾದ ನಿಬ್‌ಗೆ ಉಳಿಯಂಥ ಅಂಚು ಬರುತ್ತದೆ.

ಕವರ್ ಬೇಕೇ ಬೇಕೆಂದರೆ ಹಿಂಬದಿಗೆ ಅಯಸ್ಕಾಂತ ಬಾರದ, ಬರಿಯ ರಬ್ಬರ್ ಚೌಕಟ್ಟಿನದ್ದನ್ನು ತೆಗೆದುಕೊಳ್ಳಿ. ಮೂರೂ ಪುಟಗಳನ್ನು ಇಲ್ಲಿ ಹಾಕಿ, ಟ್ಯಾಬ್‌ನ ಮಾದರಿಯನ್ನೂ ಬರೆಯಿರಿ. ರಾತ್ರಿ ಮತ್ತೆ ನೋಡುತ್ತೇನೆ.