ಕಾರಂತರ ಉಳಿದ ಪುಸ್ತಕಗಳು: ಎಲ್ಲಿಂದ ಶುರು?

ನಮಸ್ಕಾರ. ‘ಚೋಮನ ದುಡಿ’, ‘ಬೆಟ್ಟದ ಜೀವ’, ‘ಮೂಕಜ್ಜಿಯ ಕನಸುಗಳು’ ಮುಗಿಸಿದ್ದೀರಿ, ಶಿವರಾಮ ಕಾರಂತರ ಅಷ್ಟೇನೂ ಚರ್ಚೆಯಾಗದ ಪುಸ್ತಕಗಳನ್ನು ಬರೆದ ಕ್ರಮದಲ್ಲೇ ಓದಬೇಕಾ ಅಂತ ಕೇಳಿದ್ದೀರಿ. ಬೇಡ ಅನ್ನುತ್ತೇನೆ. ಕಾದಂಬರಿಗಳೇ ನಲವತ್ತಕ್ಕೂ ಜಾಸ್ತಿ ಇವೆ, ಕ್ರಮ ಹಿಡಿದು ಹೊರಟರೆ ನಡುವೆ ಸುಸ್ತಾಗುತ್ತದೆ.

‘ಅಳಿದ ಮೇಲೆ’ಯಿಂದ ಶುರು ಮಾಡಿ. 1960ರ ಕಾದಂಬರಿ. ರೈಲಿನಲ್ಲಿ ಪರಿಚಯವಾದ ಯಶವಂತರಾಯರು ಮುಂಬೈಯಲ್ಲಿ ತೀರಿಕೊಳ್ಳುತ್ತಾರೆ. ಅವರು ಬಿಟ್ಟುಹೋದ ಹಣ, ದಿನಚರಿ ಹಿಡಿದು ನಿರೂಪಕ ಅವರ ಬದುಕನ್ನು ಹುಡುಕುತ್ತಾ ಹೋಗುತ್ತಾನೆ. ಕಥೆಯ ಮುಖ್ಯ ವ್ಯಕ್ತಿ ಈಗಾಗಲೇ ಸತ್ತಿದ್ದಾನೆ. ಅವನನ್ನು ಬಲ್ಲವರ ಮಾತುಗಳಿಂದಲೇ ಅವನು ನಿಧಾನಕ್ಕೆ ನಮಗೆ ಹತ್ತಿರವಾಗುತ್ತಾನೆ. ನನಗೆ ಇದು ‘ಮೂಕಜ್ಜಿ’ಗಿಂತಲೂ ಇಷ್ಟ.

ಆಮೇಲೆ ‘ಮೈಮನಗಳ ಸುಳಿಯಲ್ಲಿ’. ವೇಶ್ಯೆ ಮಂಜುಳೆಯ ಬದುಕನ್ನು ಕಾರಂತರು ಎಷ್ಟು ಗೌರವದಿಂದ ಬರೆದಿದ್ದಾರೆ ನೋಡಿ.

ಸುಮ್ನೆ ಕಾದಂಬರಿಗಳಿಗೇ ನಿಲ್ಲಬೇಡಿ. ಯುರೋಪ್ ಪ್ರವಾಸದ ‘ಅಪೂರ್ವ ಪಶ್ಚಿಮ’ ಇದೆ. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ಕ್ಕೆ. ಯಕ್ಷಗಾನದ ಆಟ ನೋಡುವ ಅಭ್ಯಾಸ ಇದ್ದರೆ ಅದನ್ನೇ ಮೊದಲು ಓದಿ. ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಇವೆಲ್ಲ ಆದ ಮೇಲೆ ಇರಲಿ.