ನಕ್ಷೆ ಬಂತು, ಲೆಕ್ಕ ಬರಲಿಲ್ಲ: ವರ್ಕ್‌ಶೀಟ್ ಸದಿಶಗಳ ಕುರಿತು ಓದುಗರ ಪ್ರಶ್ನೆಗಳು

ಸೂತ್ರವನ್ನು ಪಠ್ಯಪುಸ್ತಕದಲ್ಲಿರುವ ರೂಪದಲ್ಲಿಯೇ ಹಾಳೆಯ ಮೇಲೆ ಬರೆದರೆ ಪಕ್ಕದಲ್ಲೇ ಉತ್ತರ ತೋರಿಸುವ ಮ್ಯಾಥ್‌ಕ್ಯಾಡ್, ಎಸ್‌ಮ್ಯಾತ್ ಸ್ಟುಡಿಯೊ ಮೊದಲಾದ ತಂತ್ರಾಂಶಗಳಲ್ಲಿ ಸದಿಶಗಳೊಡನೆ (ವೆಕ್ಟರ್, ಅಂದರೆ ಒಂದೇ ಹೆಸರಿನಡಿ ಸಾಲಾಗಿ ಜೋಡಿಸಿದ ಸಂಖ್ಯೆಗಳೊಡನೆ) ಕೆಲಸ ಮಾಡುವಾಗ ಎದುರಾಗುವ ತೊಡಕುಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬೇರೆ ತಂತ್ರಾಂಶದ ಹೆಸರು ಹೇಳದ ಕಡೆಯಲ್ಲೆಲ್ಲ ಉತ್ತರ ಮ್ಯಾಥ್‌ಕ್ಯಾಡ್‌ಗೆ ಸಂಬಂಧಿಸಿದ್ದೆಂದು ತಿಳಿಯಬೇಕು.

ಪ್ರಶ್ನೆ: ಮೇಲಕ್ಕೆ ಎಸೆದ ಚೆಂಡಿನ ಎತ್ತರವನ್ನು ಲೆಕ್ಕ ಹಾಕಲು ಕಾಲವನ್ನು «ಟಿ := 0, 0.1 .. 2» ಎಂದು ಕೊಟ್ಟಿದ್ದೇನೆ. 20 ಟಿ − 4.9 ಟಿ² ಎಂಬ ಸೂತ್ರದ ನಕ್ಷೆ ಸರಿಯಾಗಿ ಬರುತ್ತದೆ. ಆದರೆ ಅದೇ ಬೆಲೆಗಳನ್ನು ಸದಿಶವಾಗಿ ಉಳಿಸಿಕೊಳ್ಳಲು ಎತ್ತರದ ಹೆಸರಿಗೆ ಟಿ ಯನ್ನು ಇಂಡೆಕ್ಸ್ ಆಗಿ ಕೊಟ್ಟರೆ, ಇಂಡೆಕ್ಸ್ ಪೂರ್ಣಾಂಕವಾಗಿರಬೇಕು ಎಂಬ ದೋಷ ಬರುತ್ತದೆ. ಏನು ಮಾಡಲಿ?

ಉತ್ತರ: ನೀವು ಬರೆದಿರುವ ಟಿ ಸದಿಶವಲ್ಲ, ಅದು ರೇಂಜ್ ವೇರಿಯಬಲ್. ಒಂದಾದ ಮೇಲೊಂದು ಬೆಲೆಯನ್ನು ತೆಗೆದುಕೊಂಡು ಸೂತ್ರವನ್ನು ಮತ್ತೆ ಮತ್ತೆ ನಡೆಸುವಂತೆ ತಂತ್ರಾಂಶಕ್ಕೆ ಕೊಡುವ ಸೂಚನೆ ಅದು. ನಕ್ಷೆಗೆ ಅಷ್ಟು ಸಾಕಾದ್ದರಿಂದ ನಕ್ಷೆ ಬಂದಿದೆ. ಇಂಡೆಕ್ಸ್ ಎಂದರೆ ಸಾಲಿನಲ್ಲಿ ಎಷ್ಟನೆಯ ಮನೆ ಎಂಬ ಲೆಕ್ಕ. 0.1ನೆಯ ಮನೆ ಎಂಬುದು ಇಲ್ಲವಾದ್ದರಿಂದ ತಂತ್ರಾಂಶ ತಕರಾರು ಮಾಡುತ್ತಿದೆ. ಎಣಿಕೆಗೂ ಕಾಲಕ್ಕೂ ಬೇರೆ ಬೇರೆ ಹೆಸರಿಡಿ. ಮೊದಲು «ಐ := 0 .. 20» ಎಂದು ಬರೆದು, ಟಿ ಯ ಐ-ನೆಯ ಮನೆಗೆ 0.1·ಐ ಎಂದೂ, ಎತ್ತರದ ಐ-ನೆಯ ಮನೆಗೆ ಟಿ ಯ ಅದೇ ಮನೆಯ ಬೆಲೆಯನ್ನು ಬಳಸಿದ ಸೂತ್ರವನ್ನೂ ಬರೆಯಿರಿ. ಈಗ ಎರಡೂ 21 ಮನೆಗಳ ನಿಜವಾದ ಸದಿಶಗಳು. ಸರಾಸರಿ, ಗರಿಷ್ಠ, ವಿಂಗಡಣೆ ಎಲ್ಲವೂ ಅವುಗಳ ಮೇಲೆ ನಡೆಯುತ್ತವೆ.

ಹೀಗೆ ಮಾಡಿದ ಮೇಲೆ ಗರಿಷ್ಠ ಎತ್ತರ 20.4 ಎಂದು ಬರುತ್ತದೆ. ಅದನ್ನು ಹಾಗೆಯೇ ವರದಿಗೆ ಇಳಿಸಬೇಡಿ. ಚೆಂಡು ತುದಿ ಮುಟ್ಟುವುದು 20 ÷ 9.8, ಅಂದರೆ ಸುಮಾರು 2.041 ಸೆಕೆಂಡಿಗೆ, 20.408 ಮೀಟರ್ ಎತ್ತರದಲ್ಲಿ. ನಿಮ್ಮ ಸಾಲು 2 ಸೆಕೆಂಡಿಗೇ ನಿಂತಿದೆ. ಐ ಯನ್ನು 40ರವರೆಗೆ ಬೆಳೆಸಿದರೂ ಉತ್ತರ 20.4 ಆಗಿಯೇ ಉಳಿಯುತ್ತದೆ, ಏಕೆಂದರೆ 2.1ನೆಯ ಸೆಕೆಂಡಿಗೆ ಚೆಂಡು ಆಗಲೇ 20.391ಕ್ಕೆ ಇಳಿದಿರುತ್ತದೆ. ಸದಿಶದ ಗರಿಷ್ಠವು ನೀವು ಆಯ್ದ ಬಿಂದುಗಳ ಗರಿಷ್ಠವೇ ಹೊರತು ವಕ್ರರೇಖೆಯ ಗರಿಷ್ಠವಲ್ಲ.

ಪ್ರಶ್ನೆ: ವೇಗದ ಎಕ್ಸ್ ಮತ್ತು ವೈ ಘಟಕಗಳು ಎರಡು ಪ್ರತ್ಯೇಕ ಸದಿಶಗಳಲ್ಲಿವೆ. ಪ್ರತಿ ಕ್ಷಣದ ಒಟ್ಟು ವೇಗ ಪಡೆಯಲು ಪ್ರತಿಯೊಂದನ್ನೂ ಅದರಿಂದಲೇ ಗುಣಿಸಿ, ಕೂಡಿ, ವರ್ಗಮೂಲ ತೆಗೆದೆ. ಬರಬೇಕಾದ್ದು ಒಂದು ಸಾಲು ಸಂಖ್ಯೆಗಳು, ಬರುತ್ತಿರುವುದು ಒಂದೇ ಸಂಖ್ಯೆ. ದೋಷದ ಸೂಚನೆಯೂ ಇಲ್ಲ.

ಉತ್ತರ: ದೋಷದ ಸೂಚನೆ ಬಾರದಿರುವುದೇ ಇಲ್ಲಿನ ಅಪಾಯ. ಒಂದೇ ಉದ್ದದ ಎರಡು ಸದಿಶಗಳ ನಡುವೆ ಗುಣಾಕಾರದ ಚಿಹ್ನೆ ಇಟ್ಟರೆ ಮ್ಯಾಥ್‌ಕ್ಯಾಡ್ ಅದನ್ನು ಬಿಂದು ಗುಣಲಬ್ಧವೆಂದು, ಅಂದರೆ ಒಂದೇ ಸ್ಥಾನದ ಬೆಲೆಗಳನ್ನು ಗುಣಿಸಿ ಎಲ್ಲವನ್ನೂ ಕೂಡಿದ ಒಂದೇ ಸಂಖ್ಯೆಯೆಂದು, ಓದುತ್ತದೆ. ಗಣಿತದ ದೃಷ್ಟಿಯಿಂದ ಅದು ಸರಿಯಾದ ಓದು, ಆದರೆ ನಿಮ್ಮ ಉದ್ದೇಶ ಬೇರೆ. ಎರಡೇ ಕ್ಷಣಗಳ ಉದಾಹರಣೆಯಲ್ಲಿ ನೋಡಿ. ಎಕ್ಸ್ ಘಟಕಗಳು 3 ಮತ್ತು 5, ವೈ ಘಟಕಗಳು 4 ಮತ್ತು 12 ಆಗಿದ್ದರೆ ಉತ್ತರ 5 ಮತ್ತು 13 ಎಂದು ಬರಬೇಕು. ಬಿಂದು ಗುಣಲಬ್ಧದ ದಾರಿಯಲ್ಲಿ ಮೊದಲನೆಯದು 9 + 25 = 34, ಎರಡನೆಯದು 16 + 144 = 160, ಎರಡರ ಮೊತ್ತ 194, ಅದರ ವರ್ಗಮೂಲ ಸುಮಾರು 13.93. ಎರಡು ಕ್ಷಣಗಳ ವೇಗಗಳು ಒಂದರಲ್ಲೊಂದು ಕಲಸಿಹೋಗಿವೆ. ದುರದೃಷ್ಟಕ್ಕೆ 13.93 ನಂಬುವಂತಹ ಸಂಖ್ಯೆಯಾಗಿಯೇ ಕಾಣುತ್ತದೆ, ಅದರ ಏಕಮಾನವೂ ವೇಗದ ಏಕಮಾನವಾಗಿಯೇ ಹೊಂದುತ್ತದೆ.

ಪರಿಹಾರವೆಂದರೆ ವೆಕ್ಟರೈಸ್ ಆಪರೇಟರ್, ಅಂದರೆ ಸೂತ್ರದ ತಲೆಯ ಮೇಲೆ ಎಳೆಯುವ ಬಾಣ. ಆ ಬಾಣದ ಕೆಳಗಿರುವ ಲೆಕ್ಕವನ್ನು ತಂತ್ರಾಂಶ ಮನೆ ಮನೆಗೂ ಬೇರೆಯಾಗಿ ಮಾಡುತ್ತದೆ. ಬಾಣವನ್ನು ಹಾಕುವ ಮೊದಲು ವರ್ಗಮೂಲದ ಚಿಹ್ನೆಯೂ ಸೇರಿದಂತೆ ಬಲಬದಿಯ ಇಡೀ ಸೂತ್ರವನ್ನು ಆಯ್ಕೆ ಮಾಡಿಕೊಳ್ಳಿ. ಒಂದು ಹೆಸರಿನ ಮೇಲೆ ಮಾತ್ರ ಬಾಣ ಬಿದ್ದರೆ ಪ್ರಯೋಜನವಿಲ್ಲ. ಭಾಗಾಕಾರದಲ್ಲಿಯೂ ಇದೇ ಉಪಾಯ ಬೇಕಾಗುತ್ತದೆ.

ಹಾಗೆಂದು ಕಂಡಲ್ಲೆಲ್ಲ ಬಾಣ ಹಾಕುವ ಅಭ್ಯಾಸವೂ ಒಳ್ಳೆಯದಲ್ಲ. ಬಲ ಮತ್ತು ಸ್ಥಾನಪಲ್ಲಟದಿಂದ ಕೆಲಸವನ್ನು ಲೆಕ್ಕ ಹಾಕುವಾಗ ಬೇಕಾಗಿರುವುದು ಬಿಂದು ಗುಣಲಬ್ಧವೇ. ಅಲ್ಲಿ ಬಾಣ ಹಾಕಿದರೆ ಒಂದು ಅದಿಶದ (ಒಂದೇ ಸಂಖ್ಯೆಯ) ಬದಲು ಮೂರು ಸಂಖ್ಯೆಗಳ ಸಾಲು ಸಿಗುತ್ತದೆ. ಆಕ್ಟೇವ್ ಎಂಬ ಲೆಕ್ಕದ ತಂತ್ರಾಂಶ ಬಳಸುವವರಿಗೆ ಈ ವಿಷಯದಲ್ಲಿ ಸ್ವಲ್ಪ ಅನುಕೂಲವಿದೆ. ಅಲ್ಲಿ ಮನೆ ಮನೆಯ ಗುಣಾಕಾರಕ್ಕೆ ಚುಕ್ಕಿ ಸೇರಿದ ಪ್ರತ್ಯೇಕ ಚಿಹ್ನೆಯಿದೆ, ಮತ್ತು ಎರಡು ಕಂಬಸಾಲು ಸದಿಶಗಳನ್ನು ಬರಿಯ ನಕ್ಷತ್ರ ಚಿಹ್ನೆಯಿಂದ ಗುಣಿಸಲು ಹೋದರೆ ಅಳತೆ ಹೊಂದುವುದಿಲ್ಲವೆಂದು ಲೆಕ್ಕ ಅಲ್ಲೇ ನಿಲ್ಲುತ್ತದೆ. ಮೌನವಾಗಿ ಉತ್ತರ ಕೊಡುವುದಕ್ಕಿಂತ ಜಗಳ ತೆಗೆಯುವ ತಂತ್ರಾಂಶವೇ ಲೇಸು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಪ್ರಯೋಗದ ಹತ್ತು ಅಳತೆಗಳನ್ನು ನಕ್ಷೆಗೆ ಹಾಕಿದರೆ ಗೆರೆ ಯಾವಾಗಲೂ ಮೂಲಬಿಂದುವಿನಿಂದ ಹೊರಟು ಮೊದಲ ಬಿಂದುವಿಗೆ ನೆಗೆಯುತ್ತದೆ. ಸರಾಸರಿ 12 ಬರಬೇಕಾದಲ್ಲಿ 10.909 ಬರುತ್ತಿದೆ.

ಉತ್ತರ: ನಿಮ್ಮ ಎಣಿಕೆ 1ರಿಂದ 10ರವರೆಗೆ ಇರಬೇಕು. ಮ್ಯಾಥ್‌ಕ್ಯಾಡ್‌ನಲ್ಲಿ ಒರಿಜಿನ್ ಎಂಬ ಚರದ ಬೆಲೆ ನೀವು ಬದಲಿಸದ ಹೊರತು 0 ಆಗಿರುತ್ತದೆ, ಅಂದರೆ ಸದಿಶದ ಮೊದಲ ಮನೆ ಸೊನ್ನೆಯದು. ನೀವು ಮುಟ್ಟದೆ ಬಿಟ್ಟ ಆ ಮನೆಯಲ್ಲಿ ತಂತ್ರಾಂಶ ತಾನಾಗಿ 0 ತುಂಬಿದೆ. ಮೊತ್ತ 120 ಆಗಿದ್ದು ಅದನ್ನು 10ರ ಬದಲು 11ರಿಂದ ಭಾಗಿಸಿದರೆ 10.909 ಬರುತ್ತದೆ, ನೋಡಿ. ಸದಿಶದ ಉದ್ದವನ್ನು ಕೇಳಿದರೆ 11 ಎಂದು ತಾನೇ ಒಪ್ಪಿಕೊಳ್ಳುತ್ತದೆ. ಹಾಳೆಯ ತಲೆಯಲ್ಲಿ ಒರಿಜಿನ್ ಬೆಲೆಯನ್ನು 1 ಮಾಡಬಹುದು, ಅಥವಾ ಎಣಿಕೆಯನ್ನು 0ಯಿಂದ 9ಕ್ಕೆ ಇಳಿಸಬಹುದು. ಹಾಳೆಯ ತುಣುಕುಗಳನ್ನು ಒಂದರಿಂದ ಇನ್ನೊಂದಕ್ಕೆ ನಕಲು ಮಾಡುವ ರೂಢಿಯಿದ್ದರೆ ಎರಡನೆಯ ದಾರಿಯೇ ಕ್ಷೇಮ, ಏಕೆಂದರೆ ತುಣುಕಿನೊಡನೆ ಒರಿಜಿನ್ ಬದಲಾವಣೆ ಬಾರದೆ ಹೋದರೆ ಮನೆಗಳೆಲ್ಲ ಒಂದೊಂದು ಸ್ಥಾನ ಜರುಗಿಬಿಡುತ್ತವೆ. ಎಸ್‌ಮ್ಯಾತ್ ಸ್ಟುಡಿಯೊದಲ್ಲಿ ಎಣಿಕೆ 1ರಿಂದಲೇ ಆರಂಭವಾಗುವುದರಿಂದ ಅಲ್ಲಿ ಈ ತೊಂದರೆಯಿಲ್ಲ.

ಪ್ರಶ್ನೆ: ಎಕ್ಸ್ ಘಟಕ −3, ವೈ ಘಟಕ 4 ಇರುವ ಸದಿಶದ ದಿಕ್ಕು −53.13° ಎಂದು ಬರುತ್ತಿದೆ. ಸದಿಶವಿರುವುದು ಎರಡನೆಯ ಚತುರ್ಥಕದಲ್ಲಲ್ಲವೇ?

ಉತ್ತರ: ಹೌದು, ಸರಿಯಾದ ಕೋನ 126.87°. ವೈ ಯನ್ನು ಎಕ್ಸ್‌ನಿಂದ ಭಾಗಿಸಿದೊಡನೆ ಋಣ ಚಿಹ್ನೆ ಯಾವುದರದ್ದೆಂಬ ಮಾಹಿತಿ ಕಳೆದುಹೋಗುತ್ತದೆ. ಭಾಗಲಬ್ಧವನ್ನು ಮಾತ್ರ ನೋಡುವ ವಿಲೋಮ ಟ್ಯಾಂಜೆಂಟ್‌ಗೆ ಎರಡನೆಯ ಮತ್ತು ನಾಲ್ಕನೆಯ ಚತುರ್ಥಕಗಳ ವ್ಯತ್ಯಾಸ ತಿಳಿಯುವುದಿಲ್ಲ. ಎರಡೂ ಘಟಕಗಳನ್ನು ಬೇರೆಯಾಗಿ ಪಡೆಯುವ ಎಟ್ಯಾನ್2 ಫಂಕ್ಷನ್ ಬಳಸಿ, ಆದರೆ ಕ್ರಮವನ್ನು ಗಮನಿಸಿ: ಮ್ಯಾಥ್‌ಕ್ಯಾಡ್‌ನಲ್ಲಿಯೂ ಎಕ್ಸೆಲ್‌ನಲ್ಲಿಯೂ ಎಕ್ಸ್ ಮೊದಲು, ಆಕ್ಟೇವ್ ಮತ್ತು ಪೈಥಾನ್‌ಗಳಲ್ಲಿ ವೈ ಮೊದಲು. ಕ್ರಮ ತಿರುಗಿದರೆ ಇದೇ ಸದಿಶಕ್ಕೆ −36.87° ಬರುತ್ತದೆ. ಉತ್ತರ 2.214 ಎಂದು ಕಂಡರೆ ಗಾಬರಿ ಬೇಡ, ಅದು ರೇಡಿಯನ್‌ನಲ್ಲಿದೆ.

ಪ್ರಶ್ನೆ: ಪರದೆಯ ಮೇಲೆ ಕಣ್ಣೆದುರೇ ಇರುವ ಹೆಸರನ್ನು ವ್ಯಾಖ್ಯಾನಿಸಿಲ್ಲವೆಂದು ತಂತ್ರಾಂಶ ಹೇಳುತ್ತದೆ.

ಉತ್ತರ: ಹಾಳೆಯನ್ನು ತಂತ್ರಾಂಶ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಓದುತ್ತದೆ. ಬಳಸಿದ ಜಾಗಕ್ಕಿಂತ ಕೆಳಗೆ ಬರೆದ ವ್ಯಾಖ್ಯಾನ ಅದರ ಪಾಲಿಗೆ ಇಲ್ಲವೇ ಇಲ್ಲ. ಜಾಗ ಸರಿಯಾಗಿದ್ದರೆ ಹೆಸರಿನ ಪಾದದಲ್ಲಿರುವ ಸಣ್ಣ ಅಕ್ಷರವನ್ನು ಪರೀಕ್ಷಿಸಿ. ಚೌಕ ಆವರಣದ ಕೀಲಿ ಒತ್ತಿ ಬರೆದದ್ದು ಇಂಡೆಕ್ಸ್, ಹಳೆಯ ಆವೃತ್ತಿಗಳಲ್ಲಿ ಚುಕ್ಕಿ ಒತ್ತಿ ಬರೆದದ್ದು ಹೆಸರಿನದೇ ಒಂದು ಭಾಗ. ಅಚ್ಚಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

ಪ್ರಶ್ನೆ: (2, 1) ಮತ್ತು (−1, 2) ಸದಿಶಗಳ ಬಿಂದು ಗುಣಲಬ್ಧ 0. ಆದರೂ ನಕ್ಷೆಯಲ್ಲಿ ಅವು ಲಂಬವಾಗಿ ಕಾಣುವುದಿಲ್ಲ. ತಪ್ಪು ಲೆಕ್ಕದಲ್ಲೋ, ಚಿತ್ರದಲ್ಲೋ?

ಉತ್ತರ: ಚಿತ್ರದಲ್ಲಿ. ಎರಡು ಅಕ್ಷಗಳ ಮಾಪಕವನ್ನು ತಂತ್ರಾಂಶ ಬೇರೆ ಬೇರೆಯಾಗಿ ಆರಿಸಿಕೊಂಡಿದೆ. ಚೌಕಾಕಾರದ ಚೌಕಟ್ಟಿನಲ್ಲಿ ಅಡ್ಡ ಅಕ್ಷ −10ರಿಂದ 10ರವರೆಗೂ ಲಂಬ ಅಕ್ಷ −2ರಿಂದ 2ರವರೆಗೂ ಇದ್ದರೆ ಎತ್ತರವೆಲ್ಲ ಐದು ಪಟ್ಟು ಹಿಗ್ಗುತ್ತದೆ, ಆಗ ಈ ಎರಡು ಸದಿಶಗಳು ಕಣ್ಣಿಗೆ (2, 5) ಮತ್ತು (−1, 10) ಆಗಿ ಬೀಳುತ್ತವೆ. ಅವುಗಳ ನಡುವೆ ಕಾಣುವ ಕೋನ ಸುಮಾರು 27.5° ಮಾತ್ರ. ಎರಡೂ ಅಕ್ಷಗಳಿಗೆ −3ರಿಂದ 3 ಎಂಬ ಮಿತಿಯನ್ನು ಕೈಯಾರೆ ಕೊಟ್ಟು, ನಕ್ಷೆಯ ಚೌಕಟ್ಟನ್ನು ಎಳೆದು ಅಗಲ ಎತ್ತರಗಳನ್ನು ಸಮ ಮಾಡಿದರೆ ಲಂಬಕೋನ ಕಾಣುತ್ತದೆ. ಅಕ್ಷದ ಅಂಕಿಗಳು ಕೂರುವ ಪಟ್ಟಿಯೂ ಚೌಕಟ್ಟಿನೊಳಗೆ ಜಾಗ ತಿನ್ನುವುದರಿಂದ, ಹೊರ ಅಂಚನ್ನಲ್ಲ, ಗೆರೆಗಳು ಮೂಡುವ ಒಳ ಭಾಗವನ್ನು ಅಳೆದು ಸಮ ಮಾಡಿಕೊಳ್ಳಿ.